ಮುಡಿಪೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಸಿದವರು

“ನಾನು ದಿವಾಳಿ ಆದೋನು ಕಣ್ರಪ್ಪ. ಕೋರ್ಟು ಇನ್ನೂ ಬಿಡುಗಡೆ ಕೊಟ್ಟಿಲ್ಲ. ಇದ ಕೇಳ್ಕಂಡ ಮ್ಯಾಲೆ ಕೊಡದಾದ್ರೆ ಕೊಡಿ, ಇಲ್ದಿದ್ರೆ ಬ್ಯಾಡ.”

ನಂಜನಗೂಡಿನ ಅಂಗಡಿ ಬೀದಿಯಲ್ಲಿ ಕಾಲು ಕೇಜಿ ಸಕ್ಕರೆ ಸಾಲ ಕೇಳುವುದಕ್ಕೂ ಮೊದಲು ಈ ಮಾತು ಹೇಳುತ್ತಿದ್ದ ಮನುಷ್ಯರೊಬ್ಬರಿದ್ದರು. ತಗ್ಗಿದ ದನಿಯಲ್ಲಲ್ಲ, ಪಕ್ಕದಲ್ಲಿ ನಿಂತ ಗಿರಾಕಿಗೂ ಕೇಳುವ ಹಾಗೆ. ಮೊದಲ ಸಲ ಕೇಳಿದ ಅಂಗಡಿಯವರು ತಬ್ಬಿಬ್ಬಾಗುತ್ತಿದ್ದರು. ಗುರುತಿದ್ದವರು “ಆಯ್ತು ಬುಡಿ ಸಾವ್ಕಾರ್ರೇ, ನಿಮ್ ಮಂತ್ರ ಮುಗೀತಲ್ಲ” ಎಂದು ಪೊಟ್ಟಣ ಕಟ್ಟಿಕೊಡುತ್ತಿದ್ದರು. ಅವರು ತೀರಿಕೊಂಡು ತಿಂಗಳಾಯಿತು. ನಾನು ಅವರ ವಕೀಲನಾಗಿದ್ದೆ.

ಹೆಸರು ಬರೆಯುವುದಿಲ್ಲ. ಅವರ ಹೆಸರು, ಅವರಪ್ಪನ ಹೆಸರು, ಊರು, ಕಸುಬು ಎಲ್ಲವೂ ಒಮ್ಮೆ ಕೋರ್ಟಿನ ನೋಟೀಸಾಗಿ ಪೇಪರಿನಲ್ಲಿ ಅಚ್ಚಾಗಿದ್ದವು. ಅದೇ ಹಾಳೆಯಲ್ಲಿ ಬೋಂಡ ಕಟ್ಟಿ ಅವರ ಕೈಗೇ ಕೊಟ್ಟ ಪುಣ್ಯಾತ್ಮರೂ ಇದ್ದರು. ಅಷ್ಟು ಸಾಕು. ತಿ. ನರಸೀಪುರದ ಜನ ಕರೆಯುತ್ತಿದ್ದ ಹಾಗೆ ನಾನೂ ಸಾವ್ಕಾರ್ರು ಅನ್ನುತ್ತೇನೆ. ಅಂಗಡಿ ಹೋಗಿ, ಮನೆ ಹೋಗಿ, ಇನ್ನೊಬ್ಬರ ಜಗುಲಿಯ ಮೇಲೆ ಕೂತು ಕೂಲಿ ಮಾಡುವ ಕಾಲದಲ್ಲೂ ಜನ ಅವರನ್ನು ಹಾಗೇ ಕರೆದರು. ಕುಚೋದ್ಯಕ್ಕೆ ಕರೆದವರನ್ನು ನಾನು ಕಾಣಲಿಲ್ಲ. ಈ ಎರಡು ಊರುಗಳ ಪರವಾಗಿ ಅಷ್ಟು ಹೇಳಬಹುದು.

ಅವರದು ನರಸೀಪುರದಲ್ಲಿ ಪಾತ್ರೆ ಅಂಗಡಿ. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ತಂಗಿಯ ಮದುವೆಗೆ ಪಾತ್ರೆ ಕೊಳ್ಳಲು ನಂಜನಗೂಡಿನಿಂದ ಅಲ್ಲಿಗೆ ಹೋಗಿದ್ದೆವು. ಬಿಳಿ ಅಂಗಿ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಎತ್ತಿ ಕಟ್ಟಿದ ಪಂಚೆ, ಕಿವಿಯ ಹಿಂದೆ ಒಂದು ಪೆನ್ಸಿಲು. ಯಾವ ಪಾತ್ರೆ ಎತ್ತಿಕೊಟ್ಟರೂ ಮೊದಲು ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು, ತಲೆ ಓರೆ ಮಾಡಿ, ಆ ಸದ್ದು ಪೂರ್ತಿ ಅಡಗುವ ತನಕ ಕೇಳುತ್ತಿದ್ದರು. ಆಮೇಲೆಯೇ ನಮ್ಮ ಕೈಗೆ. ನನ್ನ ತಾಯಿ ಆಸೆಪಟ್ಟ ಒಂದು ಹಿತ್ತಾಳೆ ಕೊಳಗವನ್ನು ಹಾಗೆ ಕೇಳಿ “ಇದು ಬ್ಯಾಡ ತಾಯಿ, ತಳ ತೆಳುವಾಗದೆ” ಎಂದು ಪಕ್ಕಕ್ಕಿಟ್ಟರು.

“ತೆಳು ಅನ್ನೋದಾದ್ರೆ ಅಂಗಡೀಲಿ ಯಾಕೆ ಇಟ್ಟಿದ್ದೀರಿ?” ಎಂದು ನಾನು ಕೊಂಕು ತೆಗೆದೆ. ಆಗ ನನಗೆ ಹೊಸದಾಗಿ ಕರಿ ಕೋಟು ಬಂದಿತ್ತು. ಸಿಕ್ಕವರನ್ನೆಲ್ಲ ಪಾಟೀಸವಾಲು ಮಾಡುವ ಚಟ.

“ತೆಳು ಅಂತ ಹೇಳೇ ಮಾರ್ತೀನಿ ಸಾ. ಕಮ್ಮಿ ರೇಟಿಗೆ. ಅದಕ್ಕೂ ಗಿರಾಕಿ ಇರ್ತಾರೆ” ಎಂದರು. ನನ್ನ ತಾಯಿ ನನ್ನ ಕಡೆ ನೋಡಿ ನಕ್ಕಳು.

ಅರ್ಧ ದುಡ್ಡು ಮಾತ್ರ ತಗೊಂಡರು. ಮಿಕ್ಕಿದ್ದಕ್ಕೆ “ಮದುವೆ ಮುಗೀಲಿ, ಮುಯ್ಯಿ ಬಂದ ಮ್ಯಾಲೆ ಕೊಡಿ” ಎಂದರು. ಬರೆದುಕೊಂಡದ್ದನ್ನೂ ನಾನು ನೋಡಲಿಲ್ಲ. ಆ ಸೀಮೆಯಲ್ಲಿ ಎಷ್ಟೋ ಬಡವರ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ತಲೆ ಎತ್ತಿಕೊಂಡು ಹೋದದ್ದು ಈ ಮುಯ್ಯಿ ಬಂದ ಮೇಲಿನ ಕರಾರಿನ ಮೇಲೆ. ಕೆಲವರಿಗೆ ಮುಯ್ಯಿ ಬರಲೇ ಇಲ್ಲ ಅಂತ ಕಾಣುತ್ತದೆ.

ಸಾಲ ಕೇಳಲು ಬಂದವರನ್ನು ಅವರು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು. “ಎಷ್ಟ್ ಸಲ ಕೊಡದು ನಿಂಗೆ? ಹೋದ ವರ್ಸದ್ದು ಎಲ್ಲಿ? ನಾನೇನು ಇಲ್ಲಿ ಛತ್ರ ಮಡೀಕಂಡಿದ್ದೀನಾ?” ಬೈಯುತ್ತ ಬೈಯುತ್ತಲೇ ಕೈ ಗಲ್ಲಾಪೆಟ್ಟಿಗೆ ತೆಗೆಯುತ್ತಿತ್ತು. ಒಮ್ಮೆ ನಾನೇ ಎದುರಿಗೆ ಕೂತಿದ್ದಾಗ ಹೀಗಾಯಿತು. ಏನು ಸಾವ್ಕಾರ್ರೇ ಇದು ಎಂದರೆ, “ಬಾಯಿ ಇಲ್ಲ ಅಂತದೆ ಸಾ, ಕೈ ಕೇಳಕಿಲ್ಲ” ಎಂದು ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅವರನ್ನು ಮುಳುಗಿಸಿದ್ದು ಚೀಟಿ. ಪಾತ್ರೆ ವ್ಯಾಪಾರದ ಜೊತೆಗೆ ಸಣ್ಣದಾಗಿ ಚೀಟಿ ನಡೆಸುತ್ತಿದ್ದರು. ಸೇರಿದವರೆಲ್ಲ ತಿಂಗಳು ತಿಂಗಳು ಹಣ ಹಾಕಬೇಕು, ಪ್ರತಿ ತಿಂಗಳು ಕೂಗಿದವರೊಬ್ಬರು ಮೊತ್ತ ಎತ್ತಿಕೊಳ್ಳಬೇಕು. ಮೊದಮೊದಲು ಎತ್ತಿಕೊಂಡ ಕೆಲವರು ಆಮೇಲೆ ಕಂತು ಕಟ್ಟದೆ ಊರು ಬಿಟ್ಟರು. ಬೇರೆಯವರಾಗಿದ್ದರೆ ಚೀಟಿ ಮುರಿಯಿತು ಅಂತ ಕೈ ಝಾಡಿಸಿಬಿಡುತ್ತಿದ್ದರು. ಇವರು ಓಡಿಹೋದವರ ಕಂತನ್ನೂ ತಾವೇ ಕಟ್ಟಲು ಬಡ್ಡಿಗೆ ಸಾಲ ತಂದರು. ಆ ಬಡ್ಡಿಗೆ ಇನ್ನೊಂದು ಸಾಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಂಗಡಿಯ ಪಾತ್ರೆಗಳಷ್ಟೂ ಮಾರಿದರೂ ತೀರದ ಸ್ಥಿತಿ ಬಂದಿತ್ತು.

ನರಸೀಪುರದಲ್ಲಿ ವಕೀಲರಿಗೇನು ಬರವಿರಲಿಲ್ಲ. ಆದರೂ ನಾಚಿಕೆಗೆ ಬಸ್ಸು ಹತ್ತಿ ನಂಜನಗೂಡಿಗೆ, ನನ್ನ ಆಫೀಸಿಗೆ ಬಂದರು. ಕುರ್ಚಿ ತೋರಿಸಿದರೂ ಬಹಳ ಹೊತ್ತು ನಿಂತೇ ಇದ್ದರು. “ಪಾಪರ್ ಅರ್ಜಿ ಅಂತಾರಲ್ಲ ಸಾ, ಅದ ಹಾಕಬೇಕು” ಎಂದಾಗ ಅವರ ಕಣ್ಣು ನನ್ನ ಮೇಜಿನ ಮೇಲಿತ್ತು.

ಎಲ್ಲವನ್ನೂ ಬಿಡಿಸಿ ಹೇಳಿದೆ. ಕೋರ್ಟು ದಿವಾಳಿ ಎಂದು ಸಾರಿದ ಮಾತ್ರಕ್ಕೆ ಮುಗಿಯುವುದಿಲ್ಲ. ನಿಮ್ಮ ಆಸ್ತಿಯನ್ನೆಲ್ಲ ಕೋರ್ಟಿನ ರಿಸೀವರು ವಶಕ್ಕೆ ತಗೊಂಡು, ಮಾರಿ, ಸಾಲ ಕೊಟ್ಟವರಿಗೆ ಹಂಚುತ್ತಾರೆ. ಆಮೇಲೆ ನೀವು ಬಿಡುಗಡೆಗೆ ಇನ್ನೊಂದು ಅರ್ಜಿ ಹಾಕಬೇಕು. ನಿಮ್ಮ ನಡತೆ ನೆಟ್ಟಗಿದೆ ಅಂತ ಕೋರ್ಟಿಗೆ ಅನ್ನಿಸಿದರೆ ಹಳೆಯ ಸಾಲದಿಂದ ಬಿಡುಗಡೆ, ಹೊಸದಾಗಿ ಬಾಳಬಹುದು. ಒಂದು ಸೂಜಿ ಮುಚ್ಚಿಟ್ಟರೂ ಬಿಡುಗಡೆ ಇಲ್ಲ. “ಹೆಂಡತಿಗೆ ಗೊತ್ತಿಲ್ಲದ್ದು ಏನಾದ್ರೂ ಇದ್ರೂ ನನಗೆ ಹೇಳಿಬಿಡಿ” ಎಂದೆ. ಇದನ್ನು ನಾನು ಎಲ್ಲ ಕಕ್ಷಿಗಾರರಿಗೂ ಹೇಳುತ್ತೇನೆ. ಮುಕ್ಕಾಲು ಪಾಲು ಜನ ಆಗ ಛಾವಣಿ ನೋಡುತ್ತಾರೆ.

ಸಾವ್ಕಾರ್ರು ಛಾವಣಿ ನೋಡಲಿಲ್ಲ. ಮನೆ, ಅಂಗಡಿ ಸಾಮಾನು, ತಕ್ಕಡಿ, ಹೆಂಡತಿಯ ಬಳೆ, ಮಂಚ, ಒರಳುಕಲ್ಲು ಎಲ್ಲ ಬರೆಸಿದರು. ಪಕ್ಕದ ಮನೆಯವರ ಹತ್ತಿರ ಇರುವ ತಮ್ಮ ಏಣಿಯನ್ನೂ ನೆನಪು ಮಾಡಿಕೊಂಡು ಬರೆಸಿದರು. ನನಗೆ ನಗು ಬಂತು. ಇಂಥ ಅಚ್ಚುಕಟ್ಟಾದ ಪಟ್ಟಿಯನ್ನು ನಾನು ಹಿಂದೆ ಬರೆದುಕೊಂಡಿರಲಿಲ್ಲ. “ಇನ್ನೇನಾದ್ರೂ?” ಎಂದೆ. “ಇಷ್ಟೇ ಸಾ” ಎಂದು ಎದ್ದು ನಿಂತು ಕೈ ಮುಗಿದರು.

ಮೈಸೂರಿನ ಕೋರ್ಟು ಅವರನ್ನು ದಿವಾಳಿ ಎಂದು ಸಾರಿತು. ಮನೆ ಹೋಯಿತು, ಅಂಗಡಿ ಹೋಯಿತು. ಗಂಡ ಹೆಂಡತಿ ನರಸೀಪುರದಲ್ಲೇ ಒಂದು ಕೋಣೆಯ ಬಾಡಿಗೆ ಮನೆಗೆ ಬಂದರು. ಹರಾಜಿನ ದಿನ ತಮ್ಮ ಪಾತ್ರೆಗಳನ್ನು ಕೊಳ್ಳಲು ಬಂದವರ ಪಕ್ಕದಲ್ಲೇ ಸಾವ್ಕಾರ್ರು ನಿಂತಿದ್ದರು. ಯಾವುದೋ ಕೊಳಗಕ್ಕೆ ಕೂಗು ಏರುತ್ತಿದ್ದಾಗ “ಅದಕ್ಕೆ ಅಷ್ಟು ಕೊಡಬ್ಯಾಡಿ, ಹಿಡಿ ಸಡಲ ಅದೆ” ಎಂದುಬಿಟ್ಟರು. ರಿಸೀವರು ನನ್ನ ಕಡೆ ತಿರುಗಿ, ನಿಮ್ಮ ಕಕ್ಷಿಗಾರರನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಿ ಸ್ವಾಮಿ ಎಂದರು.

ಇಷ್ಟಾದ ಮೇಲೆ ಬಿಡುಗಡೆ ಅರ್ಜಿ. ನನಗೆ ಅದು ಹೂ ಎತ್ತಿದಷ್ಟು ಸಲೀಸು ಅನ್ನಿಸಿತ್ತು. ಸಾಲ ಕೊಟ್ಟವರಲ್ಲಿ ಅಡ್ಡ ನಿಂತವರು ಒಬ್ಬರೇ, ಸೋಸಲೆಯ ಪ್ರೈಮರಿ ಸ್ಕೂಲಿನ ಟೀಚರು. ಸಂಬಳದ ದುಡ್ಡನ್ನು ಚೀಟಿಗೆ ಹಾಕಿ ಕಳೆದುಕೊಂಡಿದ್ದರು. ಆಕೆ ತಮ್ಮ ಮನೆತನದಲ್ಲಿ ತಿಂಗಳ ಸಂಬಳ ತಂದ ಮೊದಲ ಹೆಂಗಸು. ಅವರಪ್ಪ ಕೂಲಿ ಮಾಡಿ, ಯಾರ್ಯಾರದೋ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡು ಬದುಕಿದವರು. ಸ್ವಂತ ಸೂರು ಕಟ್ಟಬೇಕು, ಅದರ ಗೋಡೆಗೆ ಬುದ್ಧನ ಪಟ ಹಾಕಬೇಕು ಅಂತ ಆಕೆ ಚೀಟಿಗೆ ಸೇರಿದ್ದರು. ಸಿಟ್ಟು ಬಂದರೆ ತಪ್ಪೇನು?

ವಿಚಾರಣೆಯ ದಿನ ಸಾವ್ಕಾರ್ರು ಕಟಕಟೆ ಹತ್ತಿ, ದೇವರ ಮೇಲೆ ಪ್ರಮಾಣ ಮಾಡಿ, ಪಟ್ಟಿಯಲ್ಲಿ ಬರೆಸಿದ್ದು ಬಿಟ್ಟು ಬೇರೇನೂ ಇಲ್ಲ ಎಂದರು. ಟೀಚರಮ್ಮನ ವಕೀಲರು ಹಿರಿಯರು, ದನಿ ಏರಿಸುವವರಲ್ಲ. ಮೆಲ್ಲಗೆ ಎದ್ದರು.

“ನಿಮ್ಮ ದೇವರ ಗೂಡಿನಲ್ಲಿ, ತಾಮ್ರದ ಚೊಂಬಿನೊಳಗೆ, ಅರಿಶಿನದ ಬಟ್ಟೆಯ ಗಂಟೊಂದು ಇದೆಯೇ?”

“ಅದೆ ಸ್ವಾಮಿ.”

“ಏನದು?”

“ಮುಡಿಪು. ಮುಡುಕುತೊರೆ ಬೆಟ್ಟದ ಮಲ್ಲಪ್ಪಂಗೆ ಕಟ್ಟಿದ್ದು.”

ನಾನು ಪಟ್ಟಿ ತೆಗೆದು ನೋಡಿದೆ, ಅದರಲ್ಲಿ ಮುಡಿಪಿನ ಸುದ್ದಿಯೇ ಇರಲಿಲ್ಲ. ಟೀಚರಮ್ಮ ದುಡ್ಡು ಕೇಳಲು ಹೋಗಿದ್ದಾಗ ಸಾವ್ಕಾರ್ರ ಹೆಂಡತಿ ಆಕೆಯನ್ನು ಒಳಗೆ ಕರೆದು, ಕೂರಿಸಿ, ನೀರು ಕೊಟ್ಟು, ಕೊನೆಗೆ ದೇವರ ಗೂಡನ್ನೇ ತೋರಿಸಿ “ನೋಡಿ ತಾಯಿ, ಈ ಗಂಟು ಬಿಟ್ರೆ ಮನೇಲಿ ಏನೂ ಇಲ್ಲ, ಇದು ನಮ್ದಲ್ಲ, ಮಲ್ಲಪ್ಪಂದು” ಎಂದಿದ್ದರಂತೆ. ನಂಬಲಿ ಅಂತ ತೋರಿಸಿದ್ದು. ತೋರಿಸಿದಾಕೆಯ ಮನಸ್ಸಿನಲ್ಲಿ ಕೊಂಚವೂ ಕಪಟವಿರಲಿಲ್ಲ.

“ಅದರಲ್ಲಿ ಎಷ್ಟಿದೆ?”

“ಮುಡಿಪ ಎಣಿಸೋ ಹಂಗಿಲ್ಲ ಸ್ವಾಮಿ. ಹುಂಡೀಗೆ ಹಾಕೋವಾಗ್ಲೂ ಬಿಚ್ಚಕಿಲ್ಲ.”

“ದುಡ್ಡೋ, ಚಿನ್ನವೋ?”

“ಎಲ್ಡೂವೆ. ಚಿನ್ನ ಅಂದ್ರೆ ನಮ್ಮವ್ವನ ಸರ.”

“ಆ ಸರ ಗಂಟಿಗೆ ಸೇರಿದ್ದು ಯಾವಾಗ?”

ಅವರು ಪಾತ್ರೆಯ ಸದ್ದು ಕೇಳುವಾಗಿನ ಹಾಗೆ ತಲೆ ಓರೆ ಮಾಡಿದರು. ಹತ್ತಾರು ವರ್ಷದ ಹಿಂದೆ ಅಂದಿದ್ದರೆ ಅಲ್ಲವೆನ್ನಲು ಯಾರ ಹತ್ತಿರವೂ ಪುರಾವೆ ಇರಲಿಲ್ಲ. ಹಾಗೆ ಹೇಳಲಪ್ಪ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ವಕೀಲ ಹಾಗೆ ಬೇಡಿಕೊಳ್ಳಬಾರದು, ಆದರೂ. ಸಾವ್ಕಾರ್ರು ಹೇಳಿದರು: “ಅರ್ಜಿ ಬರೆಸಕ್ಕೆ ವಕೀಲರ ತಾವ ಹೋದ್ನಲ್ಲ, ಅದೇ ವಾರ. ಈ ಸಾಲದಿಂದ ಬಿಡಿಸಪ್ಪ, ಕೋರ್ಟು ಬಿಡುಗಡೆ ಕೊಟ್ಟ ದಿನ ತಂದು ಒಪ್ಪಿಸ್ತೀನಿ ಅಂತ ಹೇಳ್ಕಂಡು ಕಟ್ಟಿದ್ದು.”

ಬಿಡುಗಡೆ ಬೇಕು ಅಂತ ಕಟ್ಟಿದ ಹರಕೆಯೇ ಬಿಡುಗಡೆಗೆ ಅಡ್ಡಗಲ್ಲಾಯಿತು. ಇಂಥ ಕೆಲಸವನ್ನು ಆ ಬೆಟ್ಟದ ಸುತ್ತ ಹುಟ್ಟಿ ಬೆಳೆದವರಲ್ಲದೆ ಇನ್ನಾರೂ ಮಾಡಲಾರರು. ಕಟ್ಟಿದ ಘಳಿಗೆಯಿಂದ ಅದು ದೇವರ ಸ್ವತ್ತು, ಮನೆಯವರು ಕಾವಲುಗಾರರು ಅಷ್ಟೇ ಅನ್ನುವುದು ಅಲ್ಲಿನ ನಂಬಿಕೆ. ಹಸಿವೆಯಿಂದ ಮಲಗಿದರೂ ಆ ಗಂಟಿಗೆ ಕೈ ಹಾಕದ ಮನೆಗಳನ್ನು ನಾನೂ ನೋಡಿದ್ದೇನೆ. ಅದನ್ನೇ ಹಿಡಿದುಕೊಂಡು ವಾದ ಮಾಡಿದೆ. ಬೇರೆಯವರ ಸ್ವತ್ತನ್ನು ತನ್ನ ಪಟ್ಟಿಯಲ್ಲಿ ಬರೆಸಲಿಲ್ಲ ಅಂದರೆ ಅದು ಸುಳ್ಳು ಹೇಗಾಯಿತು ಎಂದೆ. ಗಂಟಲು ಕಟ್ಟುವ ತನಕ ಹೇಳಿದೆ. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿದರು.

“ದೇವರ ಹುಂಡಿಗೆ ಇನ್ನೂ ಬಿದ್ದಿಲ್ಲವಲ್ಲ ವಕೀಲರೇ. ದೇವರಿಗೆ ಮೀಸಲಿಟ್ಟದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಇಟ್ಟಿದ್ದೇನೆ ಅಂತ ಹೇಳಿದ್ದರೆ ದೇವರದೋ ಇವರದೋ ಎಂದು ಕೋರ್ಟು ತೀರ್ಮಾನ ಮಾಡುತ್ತಿತ್ತು. ಆ ತೀರ್ಮಾನವನ್ನು ಇವರೇ ಮಾಡಿಕೊಂಡು, ಪ್ರಮಾಣ ಮಾಡಿ ಇಲ್ಲ ಅಂದಿದ್ದಾರೆ” ಎಂದರು.

ಗಂಟು ತರಿಸಿ ಬಿಚ್ಚಿಸಿದರು. ರಿಸೀವರು ಮೇಜಿನ ಮೇಲೆ ಬಟ್ಟೆ ಹರಡಿ ಎಣಿಸುವಾಗ ಸಾವ್ಕಾರ್ರ ಹೆಂಡತಿ ಗೋಡೆ ಕಡೆ ತಿರುಗಿ ನಿಂತರು. ಸಾವ್ಕಾರ್ರು ಕೊನೆಯ ನಾಣ್ಯದ ತನಕ ನೋಡಿದರು. ಬಿಡುಗಡೆ ನಿರಾಕರಿಸಿ ಆದೇಶವಾಯಿತು. ಗಂಟಿನಲ್ಲಿದ್ದದ್ದು ಸಾಲ ಕೊಟ್ಟವರಿಗೆ ಹಂಚಿಹೋಯಿತು. ಟೀಚರಮ್ಮನಿಗೂ ಒಂದು ಪಾಲು ಬಂತು. ದೇವರ ದುಡ್ಡು ತಗೋತೀಯಾ ಅಂತ ಊರಲ್ಲಿ ಯಾರೋ ಅಂದರಂತೆ. “ದೇವರಿಗೆ ಹೋಗೋಕೆ ಮುಂಚೆ ಅದು ನನ್ನ ಸಂಬಳ” ಎಂದು ಆಕೆ ಉತ್ತರ ಕೊಟ್ಟರಂತೆ. ಆಕೆ ಹೇಳಿದ್ದರಲ್ಲಿ ತಪ್ಪಿಲ್ಲ ಅಂತ ನನಗೆ ಆವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ. ಸಾವ್ಕಾರ್ರು ಮೋಸಗಾರರಲ್ಲ ಅಂತಲೂ ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಇಷ್ಟು ವರ್ಷ ಕಳೆದೆ.

ಕೋರ್ಟಿನಿಂದ ಹೊರಗೆ ಬಂದು ನಾನು ರೇಗಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಾರಿನಲ್ಲಿ ಎಲ್ಲರಿಗೂ ಗೊತ್ತು. “ಏಣಿ ಬರೆಸೋಕೆ ನೆನಪಾಯ್ತು, ಇದು ನೆನಪಾಗಲಿಲ್ವಾ? ನನಗಾದರೂ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಬರ್ಕೋತಿದ್ರಿ ಸಾ” ಎಂದರು.

ಅಂದರೆ ಅವರಿಗೆ ಗೊತ್ತಿತ್ತು. ಪೂರ್ತಿ ಗೊತ್ತಿತ್ತೋ ಅರ್ಧ ಗೊತ್ತಿತ್ತೋ ನಾನು ಹೇಳಲಾರೆ. ಬರೆದರೆ ದೇವರಿಗೆ ತಪ್ಪುತ್ತದೆ, ಬರೆಯದಿದ್ದರೆ ಕೋರ್ಟಿಗೆ ತಪ್ಪುತ್ತದೆ ಅನ್ನುವ ಇಕ್ಕಟ್ಟನ್ನು ಆ ಮನುಷ್ಯ ನನ್ನ ಎದುರಿಗೇ ಕೂತು, ಒಬ್ಬರೇ ನುಂಗಿಕೊಂಡಿದ್ದರು. ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ.

ಬಸ್ಸಿಗೆ ಕಾಯುವಾಗ ಇನ್ನೊಂದು ವಿಷಯವನ್ನು ಅದೇ ಸಿಡುಕಿನಲ್ಲಿ ಹೇಳಿದ್ದೆ. ಬಿಡುಗಡೆಯಾಗದ ದಿವಾಳಿಗಾರ ಐವತ್ತು ರೂಪಾಯಿಯೋ ಅದಕ್ಕೆ ಮೇಲೋ ಸಾಲ ತಗೊಳ್ಳುವಾಗ, ತಾನು ಇಂಥವನು ಅಂತ ಕೊಡುವವರಿಗೆ ಮೊದಲೇ ತಿಳಿಸಬೇಕು, ತಿಳಿಸದಿದ್ದರೆ ಜೈಲು. ಹಳೇ ಕಾಲದ ಕಾನೂನು, ಆ ಐವತ್ತು ರೂಪಾಯಿಗೆ ಆಗ ಎಕರೆ ಬರುತ್ತಿತ್ತೋ ಏನೋ. ವಕೀಲರೇ ಮರೆತಿದ್ದ ಆ ಮಾತನ್ನು ಸಾವ್ಕಾರ್ರು ವ್ರತದ ಹಾಗೆ ಹಿಡಿದರು. ಐವತ್ತೇನು, ಐದು ರೂಪಾಯಿಗೂ ಹೇಳಿದರು.

ನರಸೀಪುರದಲ್ಲಿ ಇರಲಾಗದೆ ನಂಜನಗೂಡಿಗೆ ಬಂದು, ಒಂದು ಪಾತ್ರೆ ಅಂಗಡಿಯ ಜಗುಲಿಯ ಮೇಲೆ ಹೆಸರು ಕೆತ್ತುವ ಕೆಲಸಕ್ಕೆ ಕೂತರು. ಕೊಟ್ಟವರ ಹೆಸರು, ತಗೊಂಡವರ ಹೆಸರು ಕೆತ್ತಿಸದೆ ನಮ್ಮ ಕಡೆ ಪಾತ್ರೆ ಕೊಡುವುದಿಲ್ಲವಲ್ಲ. ಎಲ್ಲ ಕಡೆ ಕರೆಂಟಿನ ಮೆಷಿನ್ನು ಬಂದಿದ್ದರೂ ಇವರದು ಸಣ್ಣ ಉಳಿ, ಸಣ್ಣ ಸುತ್ತಿಗೆ, ಚುಕ್ಕಿ ಚುಕ್ಕಿಯಾಗಿ ಅಕ್ಷರ. ಕೆತ್ತುವ ಮೊದಲು ಹೆಸರನ್ನು ಹೇಳಿಸಿ, ತಾವೊಮ್ಮೆ ಹೇಳಿ, ಸರಿಯಾ ಅಂತ ಕೇಳುತ್ತಿದ್ದರು. ದಿನದ ಕೂಲಿ ದಿನಕ್ಕೆ.

ಒಂದು ಮಳೆಗಾಲದ ಸಂಜೆ ನನ್ನ ಆಫೀಸಿಗೆ ಬಂದು ಕೊಡೆ ಕೇಳಿದರು. ತೆಗೆದುಕೊಡಲು ಎದ್ದೆ. “ತಡೀರಿ ಸಾ” ಎಂದು ನೆಟ್ಟಗೆ ನಿಂತು, “ನಾನು ದಿವಾಳಿ ಆದೋನು, ಕೋರ್ಟು ಇನ್ನೂ ಬಿಡುಗಡೆ ಕೊಟ್ಟಿಲ್ಲ” ಎಂದು ಶುರು ಮಾಡಿದರು. “ರೀ, ಆ ಕೇಸು ಸೋತವನೇ ನಾನು” ಎಂದೆ. “ನಿಮ್ಮ ಕೊಡೆ ಐವತ್ತು ರೂಪಾಯಿಗಿಂತ ಜಾಸ್ತಿದು” ಎಂದರು. ಇಬ್ಬರೂ ನಕ್ಕೆವು. ಅವರು ಮಾತು ಪೂರ್ತಿ ಮಾಡಿಯೇ ಕೊಡೆ ತಗೊಂಡರು. ಆ ನಗುವಿನ ಹಿಂದೆಯೇ ನನಗೆ ಸಂಕಟವಾಯಿತು. ಒಂದೇ ಒಂದು ಸಲ ಹೇಳದೆ ಬಿಟ್ಟ ಮಾತಿಗೆ ಈ ಮನುಷ್ಯ ದಿನಾ ಇಷ್ಟು ಸಲ ಹೇಳಿ ತೀರಿಸುತ್ತಿದ್ದಾನೆ ಅನ್ನಿಸಿತು.

ಮತ್ತೊಮ್ಮೆ ಬಿಡುಗಡೆ ಅರ್ಜಿ ಹಾಕೋಣ ಅಂತ ನಾನು ಕಂಡಾಗಲೆಲ್ಲ ಹೇಳುತ್ತಿದ್ದೆ. ಒಪ್ಪುತ್ತಿರಲಿಲ್ಲ. “ಮತ್ತೆ ಪ್ರಮಾಣ ಮಾಡ್ಬೇಕಲ್ಲ ಸಾ” ಎನ್ನುತ್ತಿದ್ದರು. ಈಗ ಮುಚ್ಚಿಡೋಕೆ ಏನಿದೆ ನಿಮ್ಮ ಹತ್ತಿರ ಎಂದರೆ, “ಏನೂ ಇಲ್ಲ. ಇಲ್ಲ ಅಂತ ನಾನು ಅಂದ್ರೆ ಯಾರು ನಂಬ್ತಾರೆ?” ಅವರಿಗೆ ಬೇಕಾಗಿದ್ದದ್ದು ಅದೊಂದೇ. ಸಾಲದ ಹೊರೆ ಇಳಿಯುವುದಲ್ಲ, ತಮ್ಮ ಇಲ್ಲವನ್ನು ಯಾರಾದರೂ ಇಲ್ಲ ಅಂತಲೇ ತಗೊಳ್ಳುವುದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಟೀಚರಮ್ಮ ನಂಜನಗೂಡಿಗೆ ಪಾತ್ರೆ ಕೊಳ್ಳಲು ಬಂದರು. ಬ್ಯಾಂಕಿನಲ್ಲಿ ಸಾಲ ತೆಗೆದು ಕೊನೆಗೂ ಮನೆ ಕಟ್ಟಿಸಿದ್ದರು, ಗೃಹಪ್ರವೇಶಕ್ಕೆ ಹಿತ್ತಾಳೆ ಬಿಂದಿಗೆ. ಕೆತ್ತುವವರು ಯಾರು ಅಂತ ನೋಡಿಕೊಂಡಿರಲಿಲ್ಲ. ಸಾವ್ಕಾರ್ರು ಬಿಂದಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು “ಯಾರು ಕೊಟ್ಟಿದ್ದು ಅಂತ ಹಾಕ್ಲಿ ತಾಯಿ?” ಎಂದರಂತೆ.

“ಯಾರೂ ಕೊಟ್ಟಿದ್ದಲ್ಲ. ನಾನೇ ಕೊಂಡಿದ್ದು. ನನ್ನ ಹೆಸರೊಂದೇ ಹಾಕಿ.”

ಕೆತ್ತಿ ಮುಗಿಸಿ ಕೂಲಿ ಬೇಡವೆಂದರಂತೆ. “ಆ ಲೆಕ್ಕ ಬೇರೆ, ಈ ಕೂಲಿ ಬೇರೆ. ತಗೊಳ್ಳಿ” ಎಂದು ಆಕೆ ಕೈಯಲ್ಲಿಟ್ಟು, ಸ್ವಲ್ಪ ಹೊತ್ತಿಗೆ ಬಿಂದಿಗೆ ಕಂಕುಳಲ್ಲಿ ಇಟ್ಟುಕೊಂಡೇ ನನ್ನ ಆಫೀಸಿಗೆ ಬಂದರು.

“ಅರ್ಜಿ ಹಾಕಿ ಸಾರ್, ಈ ಸಲ ನಾನು ಅಡ್ಡ ಬರಲ್ಲ” ಎಂದರು. “ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡಿ. ಚೀಟಿ ಎತ್ಕೊಂಡು ಓಡಿ ಹೋದವರು ಕಾರಲ್ಲಿ ಓಡಾಡ್ತಾರೆ. ಈ ಮನುಷ್ಯ ಎದುರುಗಡೆ ಕಾಫಿ ಹೋಟ್ಲಲ್ಲಿ ನಿಂತು, ಒಂದು ಕಾಫಿಗೆ ತನ್ನ ಮಾನ ತಾನೇ ಹರಾಜು ಹಾಕೋದನ್ನ ಈಗ ನೋಡ್ಕೊಂಡು ಬಂದೆ. ನನ್ನ ಕೈಲಿ ನೋಡೋಕಾಗಲ್ಲ.”

ಆಕೆಯ ಮಾತು ತಿಳಿದ ಮೇಲೆ ಸಾವ್ಕಾರ್ರು ಒಪ್ಪಿದರು.

ಈ ಸಲ ನ್ಯಾಯಾಧೀಶರು ಹೊಸಬರು, ಹೆಂಗಸು. ಹಳೆಯ ಆದೇಶವನ್ನು ಓದಿಕೊಂಡು ಬಂದಿದ್ದರು. ಸಾವ್ಕಾರ್ರು ಉಳಿ, ಸುತ್ತಿಗೆ, ಹೆಂಡತಿಯ ತಾಳಿ, ಚಾಪೆ, ಸ್ಟೌವು ಎಲ್ಲ ಹೇಳಿದರು. ನ್ಯಾಯಾಧೀಶರು ಕಾಗದದಿಂದ ತಲೆ ಎತ್ತಿ ಕೇಳಿದರು: “ಮನೆಯಲ್ಲಿ ಮುಡಿಪು ಏನಾದರೂ ಇದೆಯಾ?”

“ಇಲ್ಲ ತಾಯಿ. ಆವತ್ತಿಂದ ದೇವರ ಮುಂದೆ ಏನೂ ಕೇಳ್ಕಂಡಿಲ್ಲ.”

ನ್ಯಾಯಾಧೀಶರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಆಮೇಲೆ ಮತ್ತೆ ಎತ್ತಿಕೊಂಡರು. ಟೀಚರಮ್ಮನನ್ನು, ನಿಮ್ಮದು ಆಕ್ಷೇಪಣೆ ಇದೆಯೇ ಎಂದು ಕೇಳಿದರು.

“ಅವರು ಇಲ್ಲ ಅಂದ್ರೆ ಇಲ್ಲ ಮೇಡಂ” ಎಂದು ಆಕೆ ಕೂತರು.

ಸಾವ್ಕಾರ್ರು ಕಟಕಟೆಯ ಕಂಬಿ ಹಿಡಿದುಕೊಂಡು ಅತ್ತರು. ಅವರ ಕಣ್ಣೀರನ್ನು ನಾನು ಕಂಡದ್ದು ಅದೊಂದೇ ಸಲ. ಬಿಡುಗಡೆ ಸಿಕ್ಕಿತು. ಅಂಗಡಿ ಬೀದಿಯಲ್ಲಿ ಆ ಮಾತು ನಿಂತಿತು. ನನಗೆ ಕೇಸು ಗೆದ್ದ ಸಂತೋಷಕ್ಕೆ ರಾತ್ರಿ ಊಟ ಎರಡು ತುತ್ತು ಹೆಚ್ಚೇ ಸೇರಿತು. ಇನ್ನು ಅವರು ನಿಶ್ಚಿಂತೆಯಾಗಿ ಇರುತ್ತಾರೆ ಎಂದುಕೊಂಡೆ.

ಅದಾದ ಮೇಲೂ ಅವರು ಪೈಸೆ ಪೈಸೆ ಕೂಡಿಡುವುದು, ಸೋಮವಾರ ಕೆಲಸಕ್ಕೆ ರಜ ಹಾಕುವುದು ನೋಡಿ ಏನು ವಿಷಯ ಎಂದು ಕೇಳಿದೆ. ಸೋಮವಾರ ಮುಡುಕುತೊರೆ ಬೆಟ್ಟಕ್ಕೆ ಹೋಗಿ, ಕೈಗೆ ಬಂದಷ್ಟನ್ನು ಹುಂಡಿಗೆ ಹಾಕಿ ಬರುತ್ತಿದ್ದರು. ಮಂಡಿ ನೋವು, ಮೆಟ್ಟಿಲು ಹತ್ತಲು ಕಷ್ಟ. “ಕಂತು ಸಾ” ಎಂದರು. “ಕೋರ್ಟು ಮನುಸ್ರ ಸಾಲಕ್ಕೆ ಬಿಡುಗಡೆ ಕೊಡ್ತು. ಮಲ್ಲಪ್ಪಂಗೆ ಕೊಟ್ಟು ವಾಪಸ್ ಕಿತ್ಕಂಡ್ನಲ್ಲ, ಅವ್ವನ ಸರದ ತೂಕದಷ್ಟು, ಅದಕ್ಕೆ ಅಲ್ಲಿ ಅರ್ಜಿ ತಗಳೋರು ಯಾರೂ ಇಲ್ಲ.” ಕಿತ್ತುಕೊಂಡದ್ದು ನೀವಲ್ಲ, ಕೋರ್ಟು ಎಂದೆ. ಅವರು ತಲೆ ಅಲ್ಲಾಡಿಸಿದರು. ವಕೀಲನ ಮಾತಿಗೆ ಅವರು ಒಪ್ಪದೆ ಇದ್ದದ್ದು ಅದೇ ಮೊದಲಲ್ಲ.

ಚಿನ್ನದ ಬೆಲೆ ಏರುತ್ತಲೇ ಹೋಯಿತು. ಅವರ ಕೂಲಿ ಇದ್ದಲ್ಲೇ ಇತ್ತು.

ಹೋದ ವರ್ಷ ಹೊಟ್ಟೆಯೊಳಗೆ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಆಪರೇಷನ್ನಿಗೆ ಹೊತ್ತು ಮೀರಿದೆ ಎಂದರು. ಕಾಯಿಲೆ ಬಿದ್ದ ಮೇಲೆ ನಾನು ನೋಡಲು ಹೋಗುತ್ತಿದ್ದೆ. ಅದೂ ಇದೂ ಮಾತಾಡುತ್ತಿದ್ದರು, ನೋವಿನ ವಿಷಯ ಎತ್ತುತ್ತಿರಲಿಲ್ಲ. ನಾನು ತಂದ ಹಣ್ಣನ್ನು ಬೇಡವೆನ್ನದೆ ತಗೊಂಡು, ಮನೆಗೆ ಬಂದ ಬೇರೆಯವರಿಗೆ ಕೊಡಿಸಿಬಿಡುತ್ತಿದ್ದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಟೀಚರಮ್ಮನೂ ಬಂದಿದ್ದರು, ಊಟ ಮಾಡಿ ಬಸ್ಸಿಗೆ ಹೊತ್ತಾಯಿತು ಅಂತ ಹೋದರು. ಎಲ್ಲರೂ ಎದ್ದ ಮೇಲೆ ಸಾವ್ಕಾರ್ರ ಹೆಂಡತಿ ನನ್ನ ಎದುರಿಗೆ ಬಂದು ಕೂತರು. ಆಕೆ ನನ್ನ ಜೊತೆ ಹೆಚ್ಚು ಮಾತಾಡಿದವರೇ ಅಲ್ಲ. ಕೋರ್ಟಿನಲ್ಲಿ ಗೋಡೆ ಕಡೆ ತಿರುಗಿ ನಿಂತಿದ್ದವರು, ನನ್ನ ಕಣ್ಣಿಗೆ ಇವತ್ತಿಗೂ ಹಾಗೆಯೇ.

“ನಿಮ್ಗೆ ಒಂದ್ ಮಾತು ಏಳ್ಬೇಕು ಸಾಮಿ” ಎಂದರು. “ಡಾಕ್ಟ್ರು ಕೈ ಬುಟ್ಟ ದಿನ ನಾನು ಅರಿಸಿನದ ಬಟ್ಟೆ ತಕ್ಕಂಡು ಕುಂತೆ. ಇವ್ರ ಉಳಿಸ್ಕೊಡಪ್ಪ ಅಂತ ನನ್ ತಾಳಿ ಗುಂಡ ಮುಡಿಪು ಕಟ್ಟನ ಅಂತ. ನೋಡ್ಬುಟ್ರು. ಕೈ ಇಡ್ಕಂಡು, ಬ್ಯಾಡ ಕಣಮ್ಮಿ ಅಂದ್ರು. ಹಳೇದೇ ತೀರಿಲ್ಲ, ಅವನತ್ರ ಹೊಸ ಸಾಲ ಕೇಳ್ಬ್ಯಾಡ ಅಂದ್ರು.”

ಆಕೆ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಯಾವತ್ತೂ ಅವ್ರ ಮಾತ ಮೀರ್ದೋಳಲ್ಲ ನಾನು. ಆವತ್ತೂ ಮೀರ್ಲಿಲ್ಲ, ಬಟ್ಟೆ ಮಡ್ಚಿ ಒಳೀಕೆ ಇಟ್ಬುಟ್ಟೆ” ಎಂದರು. “ಮೀರ್ಬೋದಿತ್ತು ಸಾಮಿ.”